ತಂಗಿಗೆ ಕುಡಿಸಿದ ಹರ್ಬಲ್ ಟೀ

ಆ ಟೀಯ ವಾಸನೆ ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ. ನೆಂದ ಗೋಣಿಚೀಲವನ್ನು ಒಣಗಿಸದೆ ಮೂಲೆಗೆ ಒಗೆದರೆ ಮೂರನೆಯ ದಿನ ಒಂದು ವಾಸನೆ ಬರುತ್ತದಲ್ಲ, ಅಂಥದ್ದು. ಬಿಸಿನೀರಿಗೆ ಹಾಕಿದರೆ ಪುಡಿ ಉಬ್ಬಿ, ಮೇಲೆ ಪಾಚಿಯ ಬಣ್ಣದ ನೊರೆ ಕಟ್ಟುತ್ತಿತ್ತು. ಲೋಟದ ತಳದಲ್ಲಿ ಲೋಳೆ ನಿಲ್ಲುತ್ತಿತ್ತು. ಕೊನೆಯ ಗುಟುಕು ಗಂಟಲಲ್ಲಿ ಇಳಿಯದೆ ನೆಗಡಿಯ ಕಫದ ಹಾಗೆ ಎಳೆಯೆಳೆಯಾಗಿ ನಿಲ್ಲುತ್ತಿತ್ತು. ಇದನ್ನು ನಾನು ನಾಲ್ಕು ತಿಂಗಳು ಕುಡಿದೆ. ಅದು ನನ್ನ ಹಣೆಬರಹ ಅಂತ ಬಿಡಬಹುದು. ಆದರೆ ನನ್ನ ತಂಗಿಗೂ ಕುಡಿಸಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟುತ್ತದೆ.

ಗಿರಿನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮುಂದೆ ಎರಡು ಮಿಷನ್ನು, ಹಿಂದೆ ಪರದೆ ಕಟ್ಟಿದ ಜಾಗ, ಅಲ್ಲೊಂದು ಉದ್ದನೆಯ ಕನ್ನಡಿ. ತಂಗಿಯ ಮನೆ ಬನಶಂಕರಿ ಎರಡನೇ ಸ್ಟೇಜಿನಲ್ಲಿ, ನಡೆದೇ ಹೋಗಬಹುದು. ಅವಳು ಪ್ರೈಮರಿ ಶಾಲೆಯ ಟೀಚರ್. ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ, ನನಗೆ ಹತ್ತೊಂಬತ್ತು. ಅವಳ ತಲೆ ಬಾಚಿ, ಜಡೆ ಹಾಕಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ನಾನು. ಹಾಗಾಗಿ ಅವಳಿಗೆ ನಲವತ್ತು ದಾಟಿದ ಮೇಲೂ ನಾನು ಹೇಳಿದ್ದಕ್ಕೆ ಇಲ್ಲ ಅನ್ನುವ ಅಭ್ಯಾಸ ಬರಲಿಲ್ಲ.

ಹೊಟ್ಟೆ ಉಬ್ಬರ ಅಂತ ಅವಳು ಒಮ್ಮೆ ಸ್ಕ್ಯಾನ್ ಮಾಡಿಸಿದಳು. ಫ್ಯಾಟಿ ಲಿವರ್, ಗ್ರೇಡ್ ಒನ್, ಅಂದರೆ ಲಿವರಿನಲ್ಲಿ ಸ್ವಲ್ಪ ಕೊಬ್ಬು ಅಂತ ಬಂತು. ಜಯನಗರದ ಡಾಕ್ಟರಮ್ಮ ರಿಪೋರ್ಟ್ ನೋಡಿ, ದಿನವೂ ನಡೆಯಿರಿ, ಅನ್ನ, ಎಣ್ಣೆ, ಸಕ್ಕರೆ ಕಡಿಮೆ ಮಾಡಿ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಒಂದು ಮಾತ್ರೆಯನ್ನೂ ಬರೆಯಲಿಲ್ಲ. ಕಾಯಿಲೆ ಅಂತ ಹೇಳಿ ಔಷಧಿ ಕೊಡದೆ ಕಳಿಸುತ್ತಾರಲ್ಲ, ಇವರೆಂಥ ಡಾಕ್ಟರು ಅಂತ ನನಗೆ ಸಿಟ್ಟು ಬಂತು.

ಆಗ ನಾನು ಬೆಳಿಗ್ಗೆ ಜಯನಗರದ ಒಂದು ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದೆ. ಅಲ್ಲಿ ಒಬ್ಬರು ಯೋಗ ಮೇಷ್ಟ್ರು ಇದ್ದರು. ವಯಸ್ಸು ಅರವತ್ತು ದಾಟಿತ್ತು, ಬಿಳಿ ಪೈಜಾಮ, ಕೈಯಲ್ಲಿ ಸದಾ ಒಂದು ಸ್ಟೀಲ್ ಫ್ಲಾಸ್ಕು. ಆಸನ ಮುಗಿದ ಮೇಲೆ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ನಾಲಿಗೆ ಚಾಚಿಸುತ್ತಿದ್ದರು. ಬಗ್ಗಿ ಒಂದೊಂದೇ ನಾಲಿಗೆ ನೋಡಿ, "ಕೊಳೆ, ಕೊಳೆ" ಅನ್ನುತ್ತಾ ಮುಂದಕ್ಕೆ ಹೋಗುವರು. ಆಮೇಲೆ ತಮ್ಮದನ್ನು ಚಾಚಿ ತೋರಿಸುವರು. ಗುಲಾಬಿ ಬಣ್ಣದ, ಒದ್ದೆ ಒದ್ದೆ ಹೊಳೆಯುವ ನಾಲಿಗೆ. ಆ ದೃಶ್ಯ ಈಗ ಕಣ್ಣ ಮುಂದೆ ಬಂದರೆ ಥೂ ಅಂತ ಉಗಿಯಬೇಕು ಅನ್ನಿಸುತ್ತದೆ. ಆಗ ಮಾತ್ರ ನಾನೂ ಎಲ್ಲರ ಜೊತೆ ಕೂತು ಬೆರಗಾಗಿ ನೋಡಿದೆ.

ತಂಗಿಯ ವಿಷಯ ಹೇಳಿದಾಗ ಅವರು ನಕ್ಕರು.

"ಲಿವರ್ ಅಂದ್ರೆ ಮನೆ ನೀರಿನ ಸಂಪ್ ಇದ್ದಂಗೆ ಮೇಡಂ. ಸಂಪ್ ತೊಳಿಸ್ತೀರಾ ಇಲ್ವಾ? ಲಿವರ್ ಯಾವಾಗ ತೊಳಿಸಿದ್ರಿ ಹೇಳಿ?"

ಅವರು ಬ್ಯಾಗಿನಿಂದ ಒಂದು ಕವರ್ ತೆಗೆದು ಕೊಟ್ಟರು. ಅದರ ಮೇಲೆ ಎಲೆಯ ಚಿತ್ರ, "ಹನ್ನೊಂದು ಮೂಲಿಕೆಗಳ ಲಿವರ್ ಟೀ" ಅಂತ ಬರಹ. ಅಮೃತಬಳ್ಳಿ ಮತ್ತು ಗ್ರೀನ್ ಟೀ ಸತ್ವ ಅಂತ ಎರಡರ ಹೆಸರಿತ್ತು. ಉಳಿದ ಒಂಬತ್ತು ಏನು ಅಂತ ಎಲ್ಲೂ ಇರಲಿಲ್ಲ. ನಾನು ಕೇಳಲೂ ಇಲ್ಲ. ಬ್ಲೌಸ್ ಬಟ್ಟೆ ಬಣ್ಣ ಬಿಡುತ್ತದಾ ಅಂತ ಹತ್ತು ಸಲ ಕೇಳುವವಳು ನಾನು.

ಮೊದಲು ನಾನು ಕುಡಿದು ನೋಡಿದೆ. ನನಗೇನೂ ಆಗಲಿಲ್ಲ. ಹೊಟ್ಟೆ ಹಗುರಾಯಿತು ಅಂತಲೂ ಅನ್ನಿಸಿತು. ಅಷ್ಟು ಸಾಕಾಯಿತು. ತಂಗಿಗೆ ಕೊಟ್ಟೆ, ಅಂಗಡಿಗೆ ಬರುವ ಐದಾರು ಹೆಂಗಸರಿಗೂ ಕೊಟ್ಟೆ. ಸೊಂಟದ ಅಳತೆ ಹಿಡಿದಾಗ ಟೇಪು ನೋಡಿ ನಿಟ್ಟುಸಿರು ಬಿಟ್ಟವರಿಗೆಲ್ಲ ಅದರದ್ದೇ ಕಥೆ ಹೇಳಿದೆ.

ತಂಗಿಗೆ ಅದು ಮೊದಲ ದಿನದಿಂದಲೇ ಒಗ್ಗಲಿಲ್ಲ. "ಅಕ್ಕ, ಇದು ನನ್ ಕೈಲಾಗಲ್ಲ, ವಾಂತಿ ಬರುತ್ತೆ" ಅಂದಳು. ಕಹಿ ಇದ್ದರೇ ಔಷಧಿ ಅಂತ ಗದರಿಸಿದೆ. ಒಂದು ದಿನ ಸಂಜೆ ಅವಳ ಮನೆಗೆ ಹೋದಾಗ ಅಡುಗೆಮನೆಯ ಸಿಂಕಿನ ಜಾಲರಿಯಲ್ಲಿ ಹಸಿರು ಲೋಳೆ ಕಟ್ಟಿಕೊಂಡಿತ್ತು. ಕುಡಿಯದೆ ಸುರಿದಿದ್ದಳು. ನಾನು ಒಂಬತ್ತು ವರ್ಷದ ಹುಡುಗಿಯನ್ನು ಬೈದ ಹಾಗೆ ಬೈದೆ. ಅವಳು ತಲೆ ತಗ್ಗಿಸಿ ಸಿಂಕು ಉಜ್ಜಿದಳು.

ಮಾರನೆಯ ದಿನದಿಂದ ನಾನೇ ಬೆಳಿಗ್ಗೆ ಅವಳ ಮನೆಗೆ ಹೋಗತೊಡಗಿದೆ. ಅವಳ ಗಂಡ ಫ್ಯಾಕ್ಟರಿ ಶಿಫ್ಟಿಗೆ ಆರಕ್ಕೇ ಹೊರಟುಬಿಡುವವರು, ತಡೆಯುವವರು ಯಾರೂ ಇರಲಿಲ್ಲ. ಪುಡಿ ಕುದಿಸಿ, ಲೋಟ ಕೈಗೆ ಕೊಟ್ಟು, ಮುಗಿಸುವ ತನಕ ಎದುರಿಗೇ ನಿಲ್ಲುತ್ತಿದ್ದೆ. ತಳದ ಲೋಳೆಗೆ ಸ್ವಲ್ಪ ನೀರು ಹಾಕಿ ಕಲಕಿ, ಅದನ್ನೂ ಕುಡಿಸುತ್ತಿದ್ದೆ. ಒಮ್ಮೆ ಅವಳು ಬಾಯಿಯ ತನಕ ಬಂದದ್ದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ನುಂಗಿದಳು. ನಾನು ಬೆನ್ನು ಸವರಿ "ಹಾಂ, ಹಾಗೆ" ಅಂದೆ.

ಆರೇಳು ವಾರಕ್ಕೆ ಅವಳಿಗೆ ಊಟ ಸೇರದಾಯಿತು. ಒಗ್ಗರಣೆಯ ವಾಸನೆ ಬಂದರೆ ಎದ್ದು ಹೋಗುವಳು. ಮೈ ತುರಿಕೆ, ವಿಪರೀತ ಸುಸ್ತು. ಮೇಷ್ಟ್ರಿಗೆ ಫೋನ್ ಮಾಡಿದೆ.

"ಒಳಗಿರೋ ವಿಷ ಹೊರಗ್ ಬರ್ತಿದೆ ಮೇಡಂ, ಒಳ್ಳೆ ಸೂಚನೆ. ಎರಡು ಹೊತ್ತು ಮಾಡಿ" ಅಂದರು.

ಎರಡು ಹೊತ್ತು ಮಾಡಿದೆ.

ಒಂದು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ ಅವಳು ಬ್ಲೌಸ್ ಟ್ರಯಲ್‌ಗೆ ಅಂಗಡಿಗೆ ಬಂದಳು. ಸಾಸಿವೆ ಹಳದಿಯ ಬ್ಲೌಸು. ಅಳತೆ ತೆಗೆದಾಗ ಇದ್ದದ್ದಕ್ಕಿಂತ ಮೈ ಇಳಿದು, ಭುಜ ಜಾರುತ್ತಿತ್ತು. ಕನ್ನಡಿಯ ಮುಂದೆ ನಿಲ್ಲಿಸಿ ಪಿನ್ ಹಾಕುತ್ತಾ ಮುಖ ನೋಡಿದೆ. ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು. ಬಟ್ಟೆಯ ಬಣ್ಣ ಕನ್ನಡಿಯಲ್ಲಿ ಹೊಡೆಯುತ್ತಿದೆ ಅಂದುಕೊಂಡೆ. ಬ್ಲೌಸು ಬಿಚ್ಚಿಸಿ, ಅವಳ ಚೂಡಿದಾರ್ ಮತ್ತೆ ಹಾಕಿಸಿ, ಬಿಳಿ ದುಪ್ಪಟ್ಟ ಹೊದಿಸಿ, ಕೈ ಹಿಡಿದು ಹೊರಗೆ ಬಿಸಿಲಿಗೆ ಕರೆತಂದೆ. ಹಳದಿ ಹಾಗೇ ಇತ್ತು.

"ಯೂರಿನ್ ಯಾವ ಬಣ್ಣ ಬರ್ತಿದೆ?"

"ಕಾಫಿ ಡಿಕಾಕ್ಷನ್ ಥರ ಅಕ್ಕ. ಒಂದು ವಾರ ಆಯ್ತು."

"ಯಾಕ್ ಹೇಳಲಿಲ್ಲ?"

"ವಿಷ ಹೊರಗ್ ಬರ್ತಿದೆ ಅಂದ್ಯಲ್ಲ."

ಅಂಗಡಿ ಮುಚ್ಚಿ ಆಟೋ ಹಿಡಿದು ಜಯನಗರ ಫೋರ್ತ್ ಬ್ಲಾಕಿಗೆ ಹೋದೆವು, ಅದೇ ಡಾಕ್ಟರಮ್ಮನ ಕ್ಲಿನಿಕ್ಕಿಗೆ. ಅವರು ನೋಡಿದವರೇ ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಕಾಮಾಲೆ ತರುವ ವೈರಸ್‌ಗಳ ಪರೀಕ್ಷೆ ಎಲ್ಲ ಮಾಡಿದರು, ಯಾವುದೂ ಇರಲಿಲ್ಲ. ಲಿವರಿನ ಲೆಕ್ಕಗಳು ಮಾತ್ರ ಎಲ್ಲಿಗೋ ಹೋಗಿದ್ದವು.

"ಏನಾದ್ರೂ ಔಷಧಿ ತಗೋತಿದ್ರಾ?" ಅಂತ ಡಾಕ್ಟರು ಮೂರು ಸಲ ಕೇಳಿದರು. ಮೂರು ಸಲವೂ ತಂಗಿ ಇಲ್ಲ ಅಂದಳು. ಅವಳಾದರೂ ಏನು ಮಾಡಿಯಾಳು, ಅದು ಟೀ ಅಂತಲೇ ನಾನು ಹೇಳಿದ್ದು.

"ಕಷಾಯ, ಚೂರ್ಣ, ಹರ್ಬಲ್ ಟೀ, ಅದೂ ಲೆಕ್ಕಕ್ಕೆ ಬರುತ್ತಮ್ಮ."

ಆಗ ತಂಗಿ ನನ್ನ ಮುಖ ನೋಡಿದಳು. ನಾನು ಹೇಳಿಕೊಳ್ಳಲಿ ಅಂತ ಕಾದಳು. ನಾನು ಹೇಳಿದೆ. ಎರಡು ಹೊತ್ತು ಮಾಡಿದ್ದನ್ನೂ ಹೇಳಿದೆ.

ಕವರ್ ತರಿಸಿ ನೋಡಿದ ಡಾಕ್ಟರು ಮೂಗು ಮುಚ್ಚಿಕೊಂಡು ಪಕ್ಕಕ್ಕಿಟ್ಟರು. ಬೈಯಲಿಲ್ಲ. "ಅಡುಗೆಮನೆ ಶುಂಠಿ, ತುಳಸಿ ಟೀ ಯಾವಾಗಲೋ ಒಂದು ಲೋಟ ಕುಡಿದ್ರೆ ನಾನೇನೂ ಅನ್ನಲ್ಲ. ಆದರೆ ಇಂಥ ಸತ್ವಗಳನ್ನ ದಿನಾ ತಿಂಗಳುಗಟ್ಟಲೆ ತಗೊಂಡ್ರೆ ಕೆಲವರ ಲಿವರ್ ತಡ್ಕೊಳ್ಳಲ್ಲ. ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಅಂತ ಮೊದಲೇ ಹೇಳೋಕಾಗಲ್ಲ. ಅಮೃತಬಳ್ಳಿಯಿಂದ ಹೀಗಾದವರನ್ನ ನಾನು ನೋಡಿದೀನಿ, ಗ್ರೀನ್ ಟೀ ಸತ್ವದಿಂದ ಆದವರನ್ನೂ ನೋಡಿದೀನಿ. ಇದರಲ್ಲಿ ಇನ್ನೇನಿದೆ ಅಂತ ದೇವರಿಗೇ ಗೊತ್ತು" ಅಂದರು. ಆಮೇಲೆ ನನ್ನ ರಕ್ತವನ್ನೂ ತೆಗೆಸಿದರು. ನನ್ನದು ಎಲ್ಲ ಸರಿ ಇತ್ತು. ಆ ಚೀಟಿ ನೋಡಿ ನನಗೆ ಸಮಾಧಾನವಾಗಲಿಲ್ಲ, ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಪಾರ್ಕಿಗೆ ಹೋದೆ. ಮೇಷ್ಟ್ರು ಬೆಂಚಿನ ಮೇಲೆ ಫ್ಲಾಸ್ಕು ಇಟ್ಟು ಕಾಗದದ ಕಪ್ಪುಗಳಿಗೆ ಸುರಿಯುತ್ತಿದ್ದರು. ಎಲ್ಲರೆದುರಿಗೇ ತಂಗಿಗೆ ಆದದ್ದನ್ನು ಹೇಳಿದೆ.

"ನಿಮ್ಮ ತಂಗಿ ಪಥ್ಯ ಮಾಡಿರಲ್ಲ ಮೇಡಂ. ಹೊರಗಡೆ ತಿಂದಿರ್ತಾರೆ."

"ನಾನೇ ಎದುರಿಗೆ ನಿಂತು ಕುಡಿಸಿದೀನಿ. ಇದರಲ್ಲಿ ಏನೇನಿದೆ ಹೇಳಿ ಸಾರ್, ಡಾಕ್ಟರ್ ಕೇಳ್ತಿದಾರೆ."

"ಅದು ನಮ್ಮ ಮನೆತನದ ವಿದ್ಯೆ. ಡಾಕ್ಟರಿಗೆಲ್ಲ ಹೇಳೋಕಾಗಲ್ಲ." ಅಷ್ಟು ಹೇಳಿ, ಬೆರಳಿಗಂಟಿದ ಹಸಿರು ನೊರೆಯನ್ನು ನೆಕ್ಕಿಕೊಂಡು ಮುಂದಿನ ಕಪ್ಪಿಗೆ ಸುರಿದರು. ದಿನಾ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸು ಆ ಕಪ್ಪು ತೆಗೆದುಕೊಂಡು, ನನ್ನ ಮುಖ ನೋಡುತ್ತಲೇ ಕುಡಿದಳು. ನಾನು ಗೇಟಿನ ಹತ್ತಿರ ಬಂದವಳೇ ಚರಂಡಿಗೆ ಬಗ್ಗಿ ಬೆಳಗಿನ ಕಾಫಿಯನ್ನೆಲ್ಲ ಕಾರಿಕೊಂಡೆ.

ಅಂಗಡಿಯ ಗಿರಾಕಿಗಳ ಮನೆಗೆ ಒಂದೊಂದಾಗಿ ಹೋಗಿ ಕವರ್‌ಗಳನ್ನು ವಾಪಸ್ ತಂದೆ. ಒಬ್ಬರು ಮೂರು ಕೆಜಿ ಇಳಿದಿದೀನಿ, ಕೊಡಲ್ಲ ಅಂದರು. ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಿಸಿ, "ಅವತ್ತು ಅಮೃತ ಅಂತ ಕೊಟ್ಟವರೂ ನೀವೇ ತಾನೆ?" ಅಂದರು. ಹೌದು ನಾನೇ ಅಂದು ಕೈ ಚಾಚಿದೆ. ತಂದದ್ದನ್ನೆಲ್ಲ ಬಕೆಟ್ಟಿಗೆ ಸುರಿದು ನೀರು ಹಾಕಿದೆ. ಅದು ಊದಿಕೊಂಡು, ಬಕೆಟ್ಟಿನ ಕಂಠದ ತನಕ ಏರಿ, ಗುಳುಗುಳು ಗುಳ್ಳೆ ಬಿಟ್ಟಿತು. ಕಸದವರಿಗೆ ಕೊಡುವ ಮುಂಚೆ ಕೈಯಿಂದಲೇ ಬಾಚಿ ಚೀಲಕ್ಕೆ ತುಂಬಬೇಕಾಯಿತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಆ ವಾಸನೆ ಹಾಗೇ ಇತ್ತು. ಅವತ್ತು ಕೈಯಲ್ಲಿ ಊಟ ಮಾಡಲಾಗದೆ ಚಮಚ ಹಿಡಿದೆ.

ತಂಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಟೀ ನಿಂತ ಮೇಲೆ ಹಳದಿ ನಿಧಾನವಾಗಿ ಇಳಿಯಿತು. ಎರಡೂವರೆ ತಿಂಗಳಿಗೆ ರಿಪೋರ್ಟ್ ಎಲ್ಲ ಮಾಮೂಲಿಗೆ ಬಂತು. ಇನ್ನೂ ಸ್ವಲ್ಪ ದಿನ ಕುಡಿದಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರನ್ನು ಕೇಳಿದೆ. "ಅದನ್ನ ಯಾಕೆ ಕೇಳ್ತೀರಾ" ಅಂದರು. ಈಗ ಅವಳು ಗಂಡನ ಜೊತೆ ಸಂಜೆ ನಡೆಯುತ್ತಾಳೆ, ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನುತ್ತಾಳೆ. ಡಾಕ್ಟರಮ್ಮ ಮೊದಲೇ ಹೇಳಿದ್ದು ಅಷ್ಟನ್ನೇ.

ಆಸ್ಪತ್ರೆಯಲ್ಲಿದ್ದಾಗಲೂ, ಆಮೇಲೂ ಅವಳು ನನಗೆ ಒಂದು ಮಾತು ಅನ್ನಲಿಲ್ಲ. ಕೊನೆಗೆ ನಾನೇ ಒಂದು ಭಾನುವಾರ ಅವಳ ಮನೆಯಲ್ಲಿ ಕೂತು, "ಒಂದ್ಸಲ ಬೈದುಬಿಡು ನನ್ನ" ಅಂದೆ.

ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೈಯಲ್ಲಿದ್ದ ಕಾಯಿ ಮುಗಿಸಿ ಹೇಳಿದಳು. "ಬೈಯೋದೇನಿದೆ ಅಕ್ಕ. ಆದ್ರೆ ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಬೆಳಿಗ್ಗೆ ಮೆಟ್ಲ ಮೇಲೆ ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ಹೊಟ್ಟೆ ತೊಳಸೋದು. ಲೋಟ ನೋಡೋದಕ್ಕಿಂತ ಮುಂಚೆನೇ. ಈಗ್ಲೂ ಒಂದೊಂದ್ಸಲ ತೊಳಸುತ್ತೆ."

ನಾನು ಒಂದು ಹಿಡಿ ಹುರುಳಿಕಾಯಿ ನನ್ನ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದೆ.

ಈಗ ನಾನು ಅವಳ ಮನೆಗೆ ಬೆಳಿಗ್ಗೆ ಹೋಗುವುದಿಲ್ಲ. ಹೋಗುವುದಿದ್ದರೆ ಮೊದಲು ಫೋನ್ ಮಾಡಿ, ಬರಲಾ ಅಂತ ಕೇಳುತ್ತೇನೆ. ಕೆಳಗೆ ಗೇಟಿನ ಹತ್ತಿರ ನಿಂತು, ಅವಳು ಬಾಲ್ಕನಿಗೆ ಬಂದು "ಬಾ ಅಕ್ಕ" ಅಂದ ಮೇಲಷ್ಟೇ ಮೆಟ್ಟಿಲು ಹತ್ತುತ್ತೇನೆ.