ಎಂಟು ಐವತ್ತೊಂಬತ್ತು

ಹೊಸೂರಿನಲ್ಲಿ ಬಸ್ಸಿಳಿದ ದಿನ ನನಗೆ ಒಂದು ಬೋರ್ಡನ್ನೂ ಓದಲಾಗಲಿಲ್ಲ. ಎಲ್ಲವೂ ತಮಿಳು. ಇಂಜಿನಿಯರಿಂಗ್ ಮುಗಿಸಿದ ನಾನು ಅನಕ್ಷರಸ್ಥನಂತೆ ನಿಂತಿದ್ದೆ. ಕಂಡಕ್ಟರ್ ತೆಲುಗಿನಲ್ಲಿ ಗದರಿದ. ಚಹಾದಂಗಡಿಯವನು ಕನ್ನಡದಲ್ಲಿ "ಸಕ್ರೆ ಎಷ್ಟಾಕ್ಲಿ ಸಾ?" ಎಂದಾಗ ಅಳು ಬರುವುದೊಂದು ಬಾಕಿ.

ಅದು ಎಂಬತ್ತರ ದಶಕ. ಧಾರವಾಡದಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದವನು ಹೊಸೂರಿನ ಅವಲಪಲ್ಲಿಯ ಬಾಡಿಗೆ ಕೋಣೆಯಲ್ಲಿ ಕಾರ್ಖಾನೆಗಳ ಸೈರನ್ ಸದ್ದಿಗೆ ಏಳತೊಡಗಿದೆ. ಮುದ್ದೆಯನ್ನು ಅಗಿಯದೆ ನುಂಗಲು ಕಲಿಯುವುದಕ್ಕೇ ಒಂದು ತಿಂಗಳು ಹಿಡಿಯಿತು. ನಮ್ಮ ಕಾರ್ಖಾನೆಯ ಸಾಹೇಬರ ಬಾಯಲ್ಲಿ ದಿನವೂ ಒಂದೇ ತಮಿಳು ಮಾತು, 'ಸೀಕ್ರಂ', ಅಂದರೆ ಬೇಗ. ಕೇಳಿ ಕೇಳಿ ಸೋತುಹೋಗಿದ್ದೆ.

ನಾವು ತಯಾರಿಸುತ್ತಿದ್ದ ಹಾಜರಿ ಯಂತ್ರದೊಳಗಿನ ಕಂಪ್ಯೂಟರ್ ಬೋರ್ಡಿಗೆ ಗಡಿಯಾರದ ಚಿಪ್ ಹೊಂದಿಸುವುದು ನನ್ನ ಕೆಲಸ. ಕರೆಂಟು ಹೋದರೂ ಬ್ಯಾಟರಿಯ ಬಲದಿಂದ ಅದು ಸಮಯ ಕಾಯುತ್ತಿತ್ತು. ನನ್ನ ಪ್ರೋಗ್ರಾಮ್ ಅದನ್ನು ಓದಿ ಕೆಲಸಗಾರರ ಕಾರ್ಡಿನ ಮೇಲೆ ಅಚ್ಚೊತ್ತುತ್ತಿತ್ತು. ಮೊದಲ ಯಂತ್ರವನ್ನು ನಮ್ಮದೇ ಗೇಟಿಗೆ ಹಾಕಿದ ದಿನ, ಈ ಊರಿಗೂ ನಾನು ಬೇಕು ಎನ್ನಿಸಿತು.

ಲೇತ್ ಕೆಲಸದ ಮುನಿಯಪ್ಪ ಕೆಲಮಂಗಲದಿಂದ ಬಸ್ಸಿನಲ್ಲಿ ಬರುವವನು. ಎಂಟು ಗಂಟೆಯ ಪಾಳಿಗೆ ಓಡಿ ಬರುವವರಲ್ಲಿ ಅವನೇ ಕೊನೆ. ಒಂದು ದಿನ ಅವನ ಕಾರ್ಡಿನಲ್ಲಿ 8:59 ಎಂದು ಬಿತ್ತು. ಮುಂದಿನ ವಾರ ಮತ್ತೊಮ್ಮೆ. ಮೂರನೆಯ ಸಲಕ್ಕೆ ಕೆಲಸದಿಂದ ನಿಲ್ಲಿಸಿದರು.

"ಸೈರನ್ ಕೂಗ್ತಾ ಇರೋವಾಗ್ಲೇ ಕಾರ್ಡ್ ಹಾಕಿದ್ದೀನಿ ಸಾ," ಎಂದು ನನ್ನ ಬಳಿ ಬಂದ.

"ಮಶೀನ್ ಸುಳ್ಳು ಹೇಳೂದಿಲ್ಲಪ್ಪಾ," ಎಂದೆ. ಈಗಲೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

ಅವನು ಹೋದ ಮೇಲೆ ಕಾರ್ಡು ನೋಡಿದೆ. ಮೂರೂ ಸಲ ಒಂದೇ ನಿಮಿಷ. ತಡವಾಗಿ ಬರುವವನು ಅಷ್ಟು ಕರಾರುವಾಕ್ಕಾಗಿ ತಡ ಮಾಡುತ್ತಾನೆಯೇ? ಪ್ರೋಗ್ರಾಮ್ ತೆಗೆದು ಕೂತೆ. ನಾನು ಮೊದಲು ನಿಮಿಷ ಓದಿ, ಅದನ್ನು ಅಚ್ಚೊತ್ತಿ, ಆಮೇಲೆ ಗಂಟೆ ಓದುತ್ತಿದ್ದೆ. ಅಷ್ಟರಲ್ಲಿ ಏಳು ಐವತ್ತೊಂಬತ್ತು ಕಳೆದು ಎಂಟು ಹೊಡೆದರೆ, ಹಳೆಯ ನಿಮಿಷ, ಹೊಸ ಗಂಟೆ: ಎಂಟು ಐವತ್ತೊಂಬತ್ತು! ಗಂಟೆ ನಿಮಿಷ ಎರಡನ್ನೂ ಎರಡು ಸಲ ಓದಿ, ಎರಡು ಸಲವೂ ಒಂದೇ ಸಮಯ ಬಂದರೆ ಮಾತ್ರ ಅಚ್ಚೊತ್ತು ಎಂದು ತಿದ್ದುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು.

ಸಾಹೇಬರ ಮುಂದೆ ತಪ್ಪೊಪ್ಪಿಕೊಂಡೆ. ಮುನಿಯಪ್ಪನನ್ನು ವಾಪಸು ಕರೆದರು. ನನ್ನ ಕೆಲಸ ಖಾಯಂ ಮಾಡುವುದನ್ನು ಮುಂದಕ್ಕೆ ಹಾಕಿದರು. ಮುನಿಯಪ್ಪ ಬೈಯಲಿಲ್ಲ. "ಒಂದ್ಸಲ ಮನೆಗ್ ಬನ್ನಿ ಸಾ. ಆ ಒಂದ್ ಗಂಟೆ ನಾನೆಲ್ಲೋ ಹೋಗಿದ್ದೆ ಅಂತ ನನ್ನೆಂಡ್ರು ಮಾತು ಬುಟ್ಟವ್ಳೆ. ನೀವೇ ಹೇಳ್ಬೇಕು," ಎಂದ.

ಭಾನುವಾರ ಕೆಲಮಂಗಲಕ್ಕೆ ಹೋದೆ. ಅವನ ಹೆಂಡತಿ ರತ್ನಮ್ಮನವರು ಎಲ್ಲ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಗಂಡ ಹೇಳಿದ್ದು ಬುಟ್ಟು ಕಾರ್ಡ್ ಹೇಳಿದ್ದು ನಂಬ್ಬುಟ್ನಲ್ಲ," ಎಂದರು. ನಾನೂ ಅದನ್ನೇ ಮಾಡಿದ್ದೆ. ಧಾರವಾಡದಲ್ಲಾಗಿದ್ದರೆ ಮೊದಲು ಮನುಷ್ಯನ ಮುಖ ನೋಡುತ್ತಿದ್ದೆ. ಇಲ್ಲಿ ನನಗೆ ಪರಿಚಯವಿದ್ದದ್ದು ಆ ಯಂತ್ರವೊಂದೇ.

ಬಸ್ಸಿನವರೆಗೆ ಬಂದ ಮುನಿಯಪ್ಪನಿಗೆ, ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ ಎಂದೆ.

"ಬ್ಯಾಡಿ ಸಾ," ಎಂದ. "ನಿಮ್ ಜಾಗಕ್ಕೆ ಬರೋನೂ ಮೊದ್ಲು ಮಶೀನ್ನೇ ನಂಬ್ತಾನೆ. ನೀವಾದ್ರೆ ಇನ್ಮೇಲೆ ನಮ್ ಮಾತೂ ಕೇಳ್ತೀರಿ."

ಬರುತ್ತಿದ್ದೇನೆ ಎಂದು ಅವ್ವನಿಗೆ ಬರೆದ ಕಾಗದ ಜೇಬಿನಲ್ಲಿತ್ತು. ಅದನ್ನು ಅಂಚೆಗೆ ಹಾಕಲಿಲ್ಲ. ಹರಿಯಲೂ ಕೈ ಬರಲಿಲ್ಲ.