ಹೋಲಿಕೆಯ ರಕ್ತ

ರಕ್ತಪರೀಕ್ಷೆಯ ಕೋಣೆಯಿಂದ ಸೂಜಿ ಮೇಡಂ ಹೊರಗೆ ಬಂದರೆಂದರೆ ಆಸ್ಪತ್ರೆಯ ಗಟ್ಟಿಮುಟ್ಟಾದ ನೌಕರರೆಲ್ಲ ಕೆಮ್ಮಲು ಶುರುಮಾಡುತ್ತಾರೆ. ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಇರುವವರ ರಕ್ತದಲ್ಲಿ, ತಮ್ಮ ಮೈಮೇಲೆ ಇರಬೇಕಾದ ಗುರುತು ಕಳೆದುಕೊಂಡ ಬಿಳಿ ರಕ್ತಕಣಗಳನ್ನು ಹುಡುಕುವುದು ಅವರ ಕೆಲಸ. ಪಕ್ಕದಲ್ಲಿಟ್ಟು ಹೋಲಿಸಲು ಆರೋಗ್ಯವಂತರ ರಕ್ತ ಬೇಕೇ ಬೇಕು. "ಕೆನ್ನೆ ನೋಡಿ, ಟೊಮೆಟೊ ಥರ ಇದೆ. ಒಂದು ಚಮಚ ಕೊಟ್ರೆ ಸವೆದು ಹೋಗ್ತೀರಾ?" ಎಂದು ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರ ತನಕ ಯಾರನ್ನೂ ಬಿಟ್ಟವರಲ್ಲ. ನೆಂಟರು ಕೂಡ ಅವರ ಮನೆಗೆ ಉದ್ದ ತೋಳಿನ ಅಂಗಿ ತೊಟ್ಟೇ ಹೋಗುತ್ತಾರಂತೆ. ರೋಗಿಗಳ ಸಾಲಿನಲ್ಲಿ ಸ್ವಂತ ಅಕ್ಕನ ರಕ್ತದ ಟ್ಯೂಬು ಬಂದ ದಿನ ಮಾತ್ರ ಅವರು ಯಾರ ಬೆನ್ನೂ ಹತ್ತುವುದಿಲ್ಲ. ತಮ್ಮ ತೋಳನ್ನೇ ಚಾಚಿ ಕೂರುತ್ತಾರೆ. ಆಮೇಲೆ ಎರಡು ಟ್ಯೂಬುಗಳನ್ನೂ ಪಕ್ಕಪಕ್ಕ ನಿಲ್ಲಿಸಿ ಹೇಳುತ್ತಾರೆ: "ಅವ್ಳಿಗೆ ಎಲ್ಲಿಗೂ ಒಬ್ಳೇ ಹೋಗಿ ಅಭ್ಯಾಸ ಇಲ್ಲ."