ಸೈರನ್ ಆದ ಮೇಲಿನ ಒದೆತ

ಮೆರಿನ್ ಪೋಲ್ನರ್ ಒಂದು ಕಡೆ ನಿಲ್ಲುವ ಜೀವವೇ ಅಲ್ಲ. ಚರ್ಚಿನಲ್ಲಿ ಕೂತರೂ ಅವಳ ಮೊಣಕಾಲು ಕುಣಿಯುತ್ತಿತ್ತು, ಮುಂದಿನ ಬೆಂಚಿನ ಮುದುಕಿಯರು ತಿರುಗಿ ತಿರುಗಿ ದುರುಗುಟ್ಟುತ್ತಿದ್ದರು. ಊರು ವೊರಾಬಿನ್. ಮೆಲ್ಬರ್ನಿನಿಂದ ಬಹುದೂರ, ವಿಮ್ಮೆರಾದ ಗೋಧಿ ಬಯಲಿನಲ್ಲಿ ಕಾಳು ತುಂಬುವ ಗೋಪುರ ಒಂದು, ಬಿಯರಿನಂಗಡಿ ಒಂದು, ಫುಟ್‌ಬಾಲ್ ಮೈದಾನ ಒಂದು, ಇಷ್ಟೇ ಊರು. ಶನಿವಾರ ಬಂತೆಂದರೆ ಊರಿಗೆ ಊರೇ ಮೈದಾನದ ಬೇಲಿಗೆ ಕಾರಿನ ಮೂತಿ ತಾಗಿಸಿ ನಿಲ್ಲಿಸಿ, ಒಳಗೇ ಕೂತು ಆಟ ನೋಡುತ್ತಿತ್ತು. ಅಲ್ಲಿಯ ಫುಟ್‌ಬಾಲೇ ಬೇರೆ, ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಗೋಲಿಗೆ ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಗೋಲು, ಆರು ಅಂಕ, ಎಲ್ಲ ಕಾರುಗಳ ಹಾರ್ನೂ ಒಟ್ಟಿಗೆ. ಬದಿಯ ಸಂದಿಯಲ್ಲಿ ನುಸುಳಿದರೆ ಬರೀ ಒಂದು ಅಂಕ. ಗುರಿ ತಪ್ಪಿದ್ದಕ್ಕೆ ಸಿಗುವ ಆ ಒಂದಕ್ಕೆ ಯಾರೂ ಹಾರ್ನ್ ಮುಟ್ಟುವುದಿಲ್ಲ.

ಅವಳ ಅಪ್ಪ ಲಿಂಡ್ಸೇಯ ಹಳೇ ಪಿಕಪ್ ಮಾತ್ರ ಗೋಲಾದರೂ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಅದರ ಹಾರ್ನ್ ಒಮ್ಮೆ ಒತ್ತಿದರೆ ಅಲ್ಲೇ ಸಿಕ್ಕಿಕೊಂಡು, ಬಾನೆಟ್ ಎತ್ತಿ ತಂತಿ ಕೀಳುವ ತನಕ ಅರಚುತ್ತಿತ್ತು. ಯಾರದೋ ಮಣ್ಣಿಗೆ ಹೋದಾಗ ಹಾಗಾಗಿ ಮಾನ ಹೋದ ಮೇಲೆ ಅವನು ಅದರ ಮೇಲೆ ಕೈ ಇಟ್ಟವನಲ್ಲ. ರಿಪೇರಿ ಮಾಡಿಸು ಎಂದವರಿಗೆ, "ಗಾಡಿ ಓಡ್ತಿದ್ಯಲ್ಲ, ಇನ್ನೇನು?" ಅನ್ನುತ್ತಿದ್ದ.

ಆ ಮೈದಾನದಲ್ಲಿ ಮೆರಿನ್ ಹುಡುಗರ ಜೊತೆ ಆಡಿ ಬೆಳೆದಳು. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದಕ್ಕೆ ಮಾರ್ಕ್ ಅನ್ನುತ್ತಾರೆ. ಹಿಡಿದವನಿಗಾಗಿ ಆಟವೇ ನಿಲ್ಲುತ್ತದೆ, ಅವನು ನಿಧಾನವಾಗಿ ಹಿಂದೆ ನಡೆದು ಹೋಗಿ ಗುರಿ ನೋಡಿ ಒದೆಯಬಹುದು. ಆ ಹಿಡಿತದಲ್ಲಿ ಊರಿನ ಯಾವ ಹುಡುಗನೂ ಅವಳ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಹದಿನಾಲ್ಕು ತುಂಬಿದ ವರ್ಷ ನಿಯಮ ಅಡ್ಡ ಬಂತು. ಅಲ್ಲಿಂದಾಚೆ ಹುಡುಗಿಯರು ಹುಡುಗರೊಂದಿಗೆ ಆಡುವಂತಿಲ್ಲ, ಹುಡುಗಿಯರದ್ದೇ ತಂಡ ಸುತ್ತಮುತ್ತ ಎಲ್ಲೂ ಇಲ್ಲ. ಹುಡುಗರ ತಂಡದ ಕೋಚ್ ಬೇರೆ ಯಾರೂ ಅಲ್ಲ, ಲಿಂಡ್ಸೇಯೇ. ಅವಳನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು, ಕೈಗೊಂದು ಬಿಸಿ ಮಾಂಸದ ಪೈ ಕೊಟ್ಟು, ಗಾಜಿನಾಚೆ ನೋಡುತ್ತಾ ಹೇಳಿದ.

"ಇನ್ನು ನಿಲ್ಲಿಸು ಮಗಾ. ಜೆರ್ಸಿ ಕೊಟ್ಬಿಡು."

"ಯಾಕೆ, ನಾನು ಚೆನ್ನಾಗಿ ಆಡ್ತಿಲ್ವಾ?"

"ಆಡ್ತೀಯ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವಳು ಚೀಲದಿಂದ ಜೆರ್ಸಿ ಎಳೆದು ಅವನ ತೊಡೆಯ ಮೇಲೆ ಎಸೆದಳು. ಪೈ ಮುಟ್ಟಲಿಲ್ಲ. ಅಪ್ಪ ಮಗಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಲಿಲ್ಲ ಅಂದಮಾತ್ರಕ್ಕೆ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ.

ಎತ್ತರದ ಹುಡುಗಿ, ಕಾಲಲ್ಲಿ ಚಕ್ರ, ಬಾಸ್ಕೆಟ್‌ಬಾಲಿನವರು ಬಿಟ್ಟಾರೆಯೇ? ಬೆಂಡಿಗೋ ಪಟ್ಟಣದಲ್ಲಿ ಶುರುವಾದದ್ದು ದೇಶದ ದೊಡ್ಡ ಲೀಗಿಗೆ ಹೋಯಿತು. ಇಲ್ಲಿಯ ಪಂದ್ಯಗಳ ಋತು ಮುಗಿದರೆ ಹಂಗೇರಿ, ಅದು ಮುಗಿದರೆ ಪೋಲೆಂಡ್. ಎಲ್ಲಿ ಹೋದರೂ ಅವಳು ಪೆಟ್ಟಿಗೆಯ ಬಟ್ಟೆಯನ್ನು ಪೂರ್ತಿ ಹೊರಗೆ ತೆಗೆದವಳಲ್ಲ. ಲಿಂಡ್ಸೇ ಭಾನುವಾರ ಫೋನ್ ಮಾಡಿ ಮಳೆಯ ವಿಷಯ, ಇಲಿಗಳ ಕಾಟ ಹೇಳಿ ಇಡುತ್ತಿದ್ದ. ಬಾಸ್ಕೆಟ್‌ಬಾಲ್ ಅವಳ ಮೈಗೆ ಒಂದು ಪಾಠ ಅರೆದು ಕುಡಿಸಿತ್ತು. ಹೊತ್ತು ಮುಗಿಯಿತೆನ್ನುವ ಬಜರ್ ಆಗುವ ಮೊದಲು ಚೆಂಡು ಕೈ ಬಿಟ್ಟಿರಬೇಕು, ಆಮೇಲೆ ಬಿಟ್ಟದ್ದು ಬುಟ್ಟಿಗೆ ಬಿದ್ದರೂ ಲೆಕ್ಕಕ್ಕಿಲ್ಲ. ಕೊನೇ ಗಳಿಗೆಯಲ್ಲಿ ಎಸೆದು ಗೆಲ್ಲಿಸುವವಳು ಎಂದೇ ಅವಳು ಹೆಸರಾದಳು.

ಅವಳಿಗೆ ಮೂವತ್ತು ದಾಟಿ, ಮೊಣಕಾಲಿಗೆ ಹೊಲಿಗೆ ಬಿದ್ದ ಮೇಲೆ, ಹೆಂಗಸರಿಗೂ ಫುಟ್‌ಬಾಲಿನ ವೃತ್ತಿಪರ ಲೀಗ್ ಶುರುವಾಯಿತು. ಮೆರಿನ್ ಕೈಯಲ್ಲಿದ್ದ ಬಾಸ್ಕೆಟ್‌ಬಾಲ್ ಒಪ್ಪಂದ ಬಿಟ್ಟು ಮೆಲ್ಬರ್ನಿಗೆ ಓಡಿದಳು. ಕಂಡವರೆಲ್ಲ ತಲೆ ಕೆಟ್ಟಿದೆ ಅಂದರು. ಅವಳಿಗೆ ಬೇಕಿದ್ದದ್ದು ಒಂದೇ. ಹದಿನಾಲ್ಕರಲ್ಲಿ ಕಿತ್ತುಕೊಂಡ ಆಟವನ್ನು ವೊರಾಬಿನ್ ಮೈದಾನದಲ್ಲಿ, ಅಪ್ಪನ ಕಣ್ಣೆದುರು, ಇನ್ನೊಮ್ಮೆ ಆಡಬೇಕು. ಕ್ಲಬ್ಬಿನ ಹುಡುಗಿಯರು ಅವಳನ್ನು ಅಜ್ಜಿ ಅಂತಲೇ ಕರೆದರು.

ಮೊದಲ ಋತುವಿನ ಕೊನೆಯ ಪಂದ್ಯ. ತಂಡ ನಾಲ್ಕು ಅಂಕ ಹಿಂದಿತ್ತು. ಇನ್ನೇನು ಆಟ ಮುಗಿಯುವ ಸೈರನ್ ಆಗಬೇಕು, ಗೋಲಿನ ಎದುರಿಗೇ ಮೆರಿನ್ ಮೂವರ ತಲೆಯ ಮೇಲೆ ಹಾರಿ ಚೆಂಡು ಹಿಡಿದಳು. ಎಂಥ ಮಾರ್ಕ್! ಇಳಿದು ಬಂದವಳ ಕಣ್ಣಿಗೆ ಗಡಿಯಾರ ಬಿತ್ತು. ಮೈಯೊಳಗಿನ ಬಜರ್ ಬಡಿದುಕೊಂಡಿತು. ಹಿಂದೆ ನಡೆಯದೆ, ಉಸಿರೂ ತೆಗೆದುಕೊಳ್ಳದೆ, ಓಡಿ ಒದ್ದೇಬಿಟ್ಟಳು. ಚೆಂಡು ಎದುರಿಗಿದ್ದವಳ ಅಂಗೈಗೆ ಬಡಿದು ಕೆಳಗೆ ಬಿತ್ತು. ಸೈರನ್ ಆಯಿತು.

"ನಿನ್ನ ಯಾರಾದ್ರೂ ಅಟ್ಟಿಸ್ಕೊಂಡು ಬಂದಿದ್ರೇನೇ?" ಎಂದಳು ಕೋಚ್ ಟ್ರೂಡಿ.

"ಸೈರನ್ ಆಗೋದ್ರಲ್ಲಿತ್ತು."

"ಆಗ್ಲಿ ಬಿಡೇ ಮಾರಾಯ್ತಿ. ಹಿಡಿದಾಗಿತ್ತಲ್ಲ. ಸೈರನ್ ಆದ್ಮೇಲೆ ಆರಾಮಾಗಿ ನಿಂತು ಒದೀಬಹುದಿತ್ತು. ನಿಂಗೆ ಹಾರೋಕೆ ಬರುತ್ತೆ, ನಿಲ್ಲೋಕೆ ಬರಲ್ಲ. ನಿಲ್ಲೋದು ಕಲಿತು ಬಾ, ಬೇಸಿಗೆಯಲ್ಲಿ ನೋಡ್ತೀನಿ. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವರು."

ಏಳನೇ ವಯಸ್ಸಿಗೇ ಗೊತ್ತಿದ್ದ ನಿಯಮ ಅದು. ಮೈ ಮರೆತಿತ್ತು. ಮೆರಿನ್‌ಗೆ ನಾಚಿಕೆಯಾಯಿತು, ಕ್ಲಬ್ಬಿನಲ್ಲಿ ಯಾರ ಮುಖವನ್ನೂ ನೋಡಲಾಗದೆ ಊರಿಗೆ ಬಂದಳು.

ಆ ಚಳಿಗಾಲವಿಡೀ ಲಿಂಡ್ಸೇ ಸಂಜೆ ಹೊಲದ ಕೆಲಸ ಮುಗಿಸಿ ಅವಳ ಜೊತೆ ಮೈದಾನಕ್ಕೆ ಹೋದ. ಅವಳು ಕೇಳಿರಲಿಲ್ಲ, ಅವನೂ ಬರಲಾ ಅನ್ನಲಿಲ್ಲ. ಚೆಂಡನ್ನು ಮೇಲಕ್ಕೆ ಒದೆಯುವನು, ಅವಳು ಹಿಡಿಯುವಳು. ಹಿಡಿದ ತಕ್ಷಣ ಕಾಲು ಮುಂದಕ್ಕೆ ಹೋಗುತ್ತಿತ್ತು.

"ನಿಲ್ಲು," ಅನ್ನುವನು. ಮತ್ತೆ, "ನಿಲ್ಲು. ಇನ್ನೂ ಇಲ್ಲ."

ಒಂದು ಸಂಜೆ ಅವಳು ಚೆಂಡನ್ನು ಬೇಲಿಯಾಚೆ ಒದ್ದಳು.

"ಹುಟ್ಟಿದಾಗಿಂದ ನಿಲ್ಲು ಅನ್ನೋದು ಬಿಟ್ಟು ಬೇರೆ ಮಾತೇ ಬರಲ್ವಾ ನಿಂಗೆ? ಅವತ್ತು ಗಾಡೀಲಿ ಕೂರಿಸ್ಕೊಂಡು ಹೇಳಿದ್ದೂ ಅದೇ."

ಲಿಂಡ್ಸೇ ಬೇಲಿ ದಾಟಿ ಹೋಗಿ, ಮುಳ್ಳುಕಡ್ಡಿ ಸರಿಸಿ, ಚೆಂಡು ಹುಡುಕಿ ತಂದ.

"ಅವತ್ತು ನಿಯಮದ ಮಾತು ಹೇಳ್ದೆ," ಅಂದ. "ಬೇರೆಯವ್ರು ಹೇಳೋದಕ್ಕಿಂತ ನಾನೇ ಹೇಳೋದು ವಾಸಿ ಅಂದ್ಕೊಂಡೆ. ವಾಸಿ ಆಗಿರ್ಲಿಲ್ಲ. ಇವತ್ತು ಆಟದ ಮಾತು ಹೇಳ್ತಿದೀನಿ. ಹಿಡಿ."

ಅವಳು ಹಿಡಿದಳು. ನಿಂತಳು. ಮೊಣಕಾಲು ಆಗಲೂ ಕುಣಿಯುತ್ತಿತ್ತು.

ಜನವರಿ ಅಂದರೆ ಅಲ್ಲಿ ನಡುಬೇಸಿಗೆ. ಆ ಬಿಸಿಲಿನಲ್ಲಿ ಕ್ಲಬ್ಬು ಅಭ್ಯಾಸ ಪಂದ್ಯಕ್ಕೆ ವೊರಾಬಿನ್ನಿಗೇ ಬಂತು. ಆ ದಿನದ ಆಟ ನೋಡಿ ಉಳಿಸಿಕೊಳ್ಳುವುದೋ ಕಳಿಸುವುದೋ ತೀರ್ಮಾನಿಸುತ್ತೇನೆ ಎಂದು ಟ್ರೂಡಿ ಮೊದಲೇ ಹೇಳಿದ್ದಳು. ಬೇಲಿಯ ಸುತ್ತ ಕಾರುಗಳು, ನೊಣಗಳ ಹಿಂಡು, ಬಾನೆಟ್ಟಿನ ಮೇಲೆ ಮಕ್ಕಳು. ಮೆರಿನ್ ಇಡೀ ಪಂದ್ಯ ಚಡಪಡಿಸಿದಳು, ಒಂದೂ ಸರಿಯಾಗಿ ಕೈಗೆ ಹತ್ತಲಿಲ್ಲ. ಕೊನೆಗೆ ಅಂಕ ಸಮ. ಯಾರೋ ದಿಕ್ಕು ತೋಚದೆ ಮೇಲಕ್ಕೆ ಒದ್ದರು. ಅವಳು ಹಿಂದಿನಿಂದ ಬಂದು ಹಾರಿ ಹಿಡಿದಳು, ಕಾಲು ನೆಲ ಮುಟ್ಟಿದ್ದೇ ಸೈರನ್.

ಕಾಲು ಮುಂದಕ್ಕೆ ಹೋಗಲು ತುಡಿಯಿತು. ಅವಳು ಬಿಡಲಿಲ್ಲ. ಹಿಂದೆ ನಡೆದಳು, ಬೆವರು ಒರೆಸಿಕೊಂಡಳು, ಮತ್ತೂ ನಿಂತಳು. ಅಷ್ಟು ಜನ ತನಗೋಸ್ಕರ ಕಾಯುತ್ತಿದ್ದಾರೆ ಎನ್ನುವುದು ಅವಳಿಗೆ ಹೆದರಿಕೆಯಾಗಿಯೂ ಇತ್ತು, ಹಿತವಾಗಿಯೂ ಇತ್ತು. ಆಮೇಲೆ ಒದ್ದಳು.

ಚೆಂಡು ಹೋಗುತ್ತಾ ಹೋಗುತ್ತಾ ಎಡಕ್ಕೆ ಬಾಗಿ ಬದಿಯ ಸಂದಿಯಲ್ಲಿ ನುಸುಳಿತು. ಒಂದು ಅಂಕ. ಗೆಲುವಿಗೆ ಅಷ್ಟೇ ಸಾಕಿತ್ತು, ಆದರೂ ವೊರಾಬಿನ್ನಿನವರ ಕೈ ಅಭ್ಯಾಸಬಲದಿಂದ ಹಾರ್ನಿಗೆ ಹೋಗಲಿಲ್ಲ.

ಆಗ ಒಂದೇ ಒಂದು ಹಾರ್ನ್ ಎದ್ದಿತು. ಎದ್ದದ್ದು ನಿಲ್ಲಲೇ ಇಲ್ಲ. ಅಕ್ಕಪಕ್ಕದ ಕಾರಿನವರು ಕಿವಿ ಮುಚ್ಚಿಕೊಂಡು ಇಳಿದರು, "ಲಿಂಡ್ಸೇ, ಸಾಕು ಮಾರಾಯ," ಎಂದು ಯಾರೋ ಕೂಗಿದರು. ಮೆರಿನ್ ಬೇಲಿ ಹಾರಿ ಬಂದು ಬಾನೆಟ್ ಎತ್ತಿದಳು, ತಂತಿಗೆ ಕೈ ಹಾಕಿದಳು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ, ಅವನ ಕೆನ್ನೆ ಒದ್ದೆಯಾಗಿತ್ತು.

"ಈಗ್ಲೇ ಕೀಳ್ಬೇಡ ಮಗಾ," ಎಂದ. "ಸ್ವಲ್ಪ ಹೊತ್ತು ಕೂಗ್ಲಿ."